ಗುರುಗ್ರಾಮದಿಂದ ಧಾರವಾಡಕ್ಕೆ ಸಾಮಾನು ಬಂತು, ಅವ್ವನ ಕೌದಿ ಬರಲಿಲ್ಲ

ಕೆಲಗೇರಿ ದಂಡೆ:

ಉದ್ದ ಬರೀತಿದ್ದೇನೆ, ಸಿಟ್ಟಿನಲ್ಲೂ ಬರೀತಿದ್ದೇನೆ. ಹೊಟ್ಟೆಗೆ ಹಾಕಿಕೊಳ್ಳಿ.

ಹನ್ನೊಂದು ವರ್ಷ ಗುರುಗ್ರಾಮದಲ್ಲಿ ಇದ್ದೆವು. ಅವ್ವ ಹೋದ ಮೇಲೆ ಧಾರವಾಡದಲ್ಲಿ ಅಪ್ಪ ಒಬ್ಬರೇ. ಊಟ, ಔಷಧಿ ಯಾವುದರ ಮೇಲೂ ಲಕ್ಷ್ಯ ಇಲ್ಲ. ಕಡೆಗೆ ಮಾರ್ಚ್ ಕೊನೆಗೆ ಅಲ್ಲಿನ ಮನೆ ಖಾಲಿ ಮಾಡಿ ಊರಿಗೆ ಬರೋದು ಅಂತ ತೀರ್ಮಾನ ಮಾಡಿದೆವು.

ಸಾಮಾನು ಸಾಗಿಸುವವರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದೆ. ಒಂದು ಕಡೆ ನಂಬರ್ ಹಾಕಿದ್ದೇ ತಡ, ಹತ್ತು ನಿಮಿಷದಲ್ಲಿ ಏಳು ಫೋನ್. ಒಬ್ಬರು 72 ಸಾವಿರ ಅಂದರು, ಇನ್ನೊಬ್ಬರು 65. ಒಬ್ಬ ಮಾತ್ರ 38 ಸಾವಿರ ಅಂದ. "ಎಲ್ಲಾ ಸೇರಿ ಮೇಡಂ, ಹುಬ್ಬಳ್ಳಿಯಲ್ಲಿ ನಮ್ಮದೇ ಶಾಖೆ ಇದೆ, ಗೋಕುಲ ರೋಡಿನಲ್ಲಿ." ಗೋಕುಲ ರೋಡ್ ಅನ್ನೋ ಹೆಸರು ಕೇಳಿಯೇ ನಾನು ಅರ್ಧ ಕರಗಿ ಹೋದೆ. ದಿಲ್ಲಿ ಬಿಸಿಲಲ್ಲಿ ಕೂತವರಿಗೆ ಊರಿನ ಹೆಸರು ಹೇಳಿದರೆ ಹಾಗೇ ಅಲ್ವಾ? ದೊಡ್ಡ ಕಂಪನಿಯೊಂದರ ಹೆಸರಿಗೆ ಒಂದು ಅಕ್ಷರ ಆಚೀಚೆ ಮಾಡಿ ಇಟ್ಟುಕೊಂಡ ಹೆಸರು ಅದು ಅಂತ ಆಮೇಲೆ ಗೊತ್ತಾಯಿತು.

ಅಡ್ವಾನ್ಸ್ 8 ಸಾವಿರ. ಸಾಮಾನಿನ ಬೆಲೆ 3 ಲಕ್ಷ ಅಂತ ಹಿಡಿದು, ಅದರ 3 ಪರ್ಸೆಂಟ್ ಅಂದರೆ 9 ಸಾವಿರ ಇನ್ಶೂರೆನ್ಸ್. ಲೋಡ್ ಮಾಡುವ ದಿನ 20 ಸಾವಿರ. ಉಳಿದ 10 ಸಾವಿರ ಮನೆ ಮುಟ್ಟಿದ ಮೇಲೆ. ನಾಲ್ಕು ಹುಡುಗರು ಬಂದು ಪಟಪಟ ಅಂತ 32 ಬಾಕ್ಸ್ ಕಟ್ಟಿದರು. ಮಂಚ, ಫ್ರಿಜ್, ವಾಷಿಂಗ್ ಮಷಿನ್, ನನ್ನ ತಂಬೂರಿ ಬೇರೆ. ಎಂಟು ದಿನದಲ್ಲಿ ಬರುತ್ತೆ ಅಂದರು.

ಎಂಟು ದಿನ ಹೋಯಿತು. ಹತ್ತು ಹೋಯಿತು. ಬುಕ್ ಮಾಡಿದವ ಫೋನ್ ಎತ್ತೋದೇ ಬಿಟ್ಟ. ಹದಿನಾಲ್ಕನೇ ದಿನ ರಾತ್ರಿ ಒಂಬತ್ತಕ್ಕೆ ಬೇರೆ ಯಾರೋ ಫೋನ್ ಮಾಡಿ, ಗಾಡಿ ಹುಬ್ಬಳ್ಳಿ ಹತ್ತಿರದ ಗಬ್ಬೂರು ಬೈಪಾಸಿನಲ್ಲಿ ನಿಂತಿದೆ, ಇನ್ನೂ 24,500 ಹಾಕಿ ಅಂದ. ಇ-ವೇ ಬಿಲ್ಲಿನ ತೆರಿಗೆ 9 ಸಾವಿರ, ಟೋಲ್ ವ್ಯತ್ಯಾಸ 6,500, ಹಮಾಲಿ 5 ಸಾವಿರ, ಊರೊಳಗೆ ಬರಲು 4 ಸಾವಿರ. ಇಲ್ಲಾಂದ್ರೆ ಗೋಡೌನಿಗೆ ಒಯ್ದು ಇಳಿಸ್ತೀನಿ, ದಿನಕ್ಕೆ ಇಷ್ಟು ಬಾಡಿಗೆ ಅಂದ. ಯಾವ ಗೋಡೌನು ಅಂದರೆ ಹೇಳಲ್ಲ.

ಜಗಳಾಡಿ, ಅತ್ತು, ಮತ್ತೆ ಜಗಳಾಡಿ 18 ಸಾವಿರಕ್ಕೆ ಇಳಿಸಿದೆ. ಬಾಕಿ 10 ಸಾವಿರವೂ ಸೇರಿ 28 ಸಾವಿರ ಹೋಯಿತು. ಕೂಡಿಸಿದರೆ 65 ಸಾವಿರ. ಎರಡನೆಯವರು ಮೊದಲ ದಿನವೇ ಹೇಳಿದ ರೇಟು!

ಸಾಮಾನು ಇಳಿದಿದ್ದು ರಾತ್ರಿ ಒಂದು ಗಂಟೆಗೆ. ಫ್ರಿಜ್ಜಿನ ಬಾಗಿಲು ಒಳಗೆ ಹೋಗಿದೆ. ತಂಬೂರಿಯ ಬುರುಡೆ ಒಡೆದಿದೆ. ಅದರ ಮೇಲೆ ಯಾರದೋ ಗ್ರೈಂಡರ್ ಇಟ್ಟಿದ್ದರು ಅಂತ ಕಾಣುತ್ತೆ, ವೃತ್ತಾಕಾರದ ಗುರುತಿದೆ. ಅವ್ವನ ಕೌದಿ ಇದ್ದ ಬಾಕ್ಸ್ ಇಲ್ಲವೇ ಇಲ್ಲ. ನಾನು ಹೆರಿಗೆಗೆ ಬಂದಾಗ ಅವ್ವ ತನ್ನ ಹಳೆ ಇಳಕಲ್ ಸೀರೆಗಳನ್ನೆಲ್ಲ ಸೇರಿಸಿ ಹೊಲಿದ ಕೌದಿ ಅದು. ಅಪ್ಪ ಬೆಳಿಗ್ಗೆ ಎದ್ದು ಕೇಳಿದ್ದು ಫ್ರಿಜ್ಜನ್ನಲ್ಲ, ಅದನ್ನೇ.

ಹುಬ್ಬಳ್ಳಿ ಶಾಖೆಗೂ ಹೋಗಿದ್ದೆ. ಆ ವಿಳಾಸದಲ್ಲಿ ಸೀರೆಗೆ ಫಾಲು-ಪಿಕೋ ಮಾಡುವ ಅಂಗಡಿ ಇದೆ. ಆ ಅಕ್ಕ ಪಾಪ, "ನೀವು ಈ ತಿಂಗಳು ಬಂದ ಮೂರನೇವ್ರು ನೋಡ್ರಿ" ಅಂದರು.

ಮುಂದೇನು ಮಾಡೋದು? ತಿಳಿದವರು ಹೇಳಿ.

ಉಣಕಲ್ ಸಂಜೆ:

ಅಕ್ಕಾರ, ಓದಿ ಹೊಟ್ಟೆ ಉರಿಯಿತು. ಆದರೆ ತಪ್ಪು ತಿಳಿಯಬೇಡಿ, ದುಡ್ಡು ಯಾಕೆ ಕೊಟ್ಟಿರಿ? 112ಕ್ಕೆ ಫೋನ್ ಮಾಡಿದ್ದರೆ ಪೊಲೀಸರು ಗಬ್ಬೂರಿಗೇ ಹೋಗುತ್ತಿದ್ದರು. ನಾವು ಕೊಡ್ತೀವಿ ಅಂತಲೇ ಅವರು ಕೇಳ್ತಾರೆ.

ಕೆಲಗೇರಿ ದಂಡೆ:

ಅಣ್ಣಾ, ನೀವು ಹೇಳೋದು ಸರಿ. ಈಗ ಕುರ್ಚಿ ಮೇಲೆ ಕೂತು ನನಗೂ ಹಾಗೇ ಅನ್ನಿಸುತ್ತೆ. ಅವತ್ತು ಅಪ್ಪನ ಬಿಪಿ ಮಾತ್ರೆಯಿಂದ ಹಿಡಿದು ಮಗಳ ಶಾಲೆ ಕಾಗದದವರೆಗೆ ಎಲ್ಲಾ ಆ ಗಾಡಿಯಲ್ಲಿತ್ತು. ಹದಿನಾಲ್ಕು ದಿನ ಚಾಪೆ ಮೇಲೆ ಮಲಗಿದ್ದೆವು. ಗಾಡಿ ನಂಬರ್ ಕೂಡ ನನ್ನ ಹತ್ತಿರ ಇರಲಿಲ್ಲ. ಪೊಲೀಸರಿಗೆ ಯಾವ ಗಾಡಿ ಅಂತ ಹೇಳಲಿ?

ಬ್ಯಾಡಗಿ ಲೋಡ್:

ನಾನು ಲಾರಿಯವ. ಮೂವತ್ತು ವರ್ಷ ಆಯ್ತು ಈ ಧಂದೆಯಲ್ಲಿ. ಮೊದಲು ಡ್ರೈವರ್, ಈಗ ಎರಡು ಗಾಡಿ ಮಾಲೀಕ. ನಮ್ಮವರನ್ನೇ ಬೈತಿದ್ದೀರಿ ಅಂತ ಬರೀತಿಲ್ಲ. ಒಳಗಿನ ಲೆಕ್ಕ ಗೊತ್ತಾದರೆ ಮುಂದಿನವರಿಗಾದರೂ ಉಪಯೋಗ ಆಗಲಿ ಅಂತ.

ಗುರುಗ್ರಾಮದಿಂದ ಇಲ್ಲಿಗೆ ಹತ್ತಿರ ಹತ್ತಿರ 1,900 ಕಿ.ಮೀ. ಮಜಾ ಅಂದರೆ ಒಂದೇ ರೋಡು. ದಿಲ್ಲಿಯಿಂದ ಹೊರಟ ನ್ಯಾಷನಲ್ ಹೈವೇ 48 ಜೈಪುರ, ಉದಯಪುರ, ಅಹಮದಾಬಾದ್, ಸೂರತ್, ಪುಣೆ, ಕೊಲ್ಹಾಪುರ, ಬೆಳಗಾವಿ ಹಾದು ನಮ್ಮ ಬೈಪಾಸಿಗೇ ಬಂದು, ಹಾವೇರಿ ಮೇಲೆ ಬೆಂಗಳೂರಿಗೆ ಹೋಗುತ್ತೆ. 19 ಫೂಟಿನ ಗಾಡಿ ಲೋಡ್ ಹಾಕಿಕೊಂಡು ಲೀಟರಿಗೆ ಐದೂವರೆ ಕಿ.ಮೀ. ಓಡಿತು ಅಂತ ಇಟ್ಟುಕೊಳ್ಳಿ. 345 ಲೀಟರ್ ಡೀಸೆಲ್. ಲೀಟರಿಗೆ 90 ಹಿಡಿದರೂ ಡೀಸೆಲ್ಲೇ 31 ಸಾವಿರ. ಟೋಲ್ ಬೇರೆ, ಡ್ರೈವರ್ ಭತ್ತೆ ಬೇರೆ, ಪ್ಯಾಕಿಂಗ್ ಹುಡುಗರ ಪಗಾರ ಬೇರೆ. 38 ಸಾವಿರಕ್ಕೆ ನಿಮ್ಮೊಬ್ಬರ ಮನೆ ಸಾಮಾನಿಗೆ ಅಂತ ಗಾಡಿ ಬರೋದು ಆಗದ ಮಾತು.

ಹಾಗಾದರೆ ಹೇಗೆ ಬರುತ್ತೆ? ಪಾರ್ಟ್ ಲೋಡ್. ಮೂರು-ನಾಲ್ಕು ಮನೆಯ ಸಾಮಾನು ಒಂದೇ ಗಾಡಿಗೆ. ಗಾಡಿ ತುಂಬುವವರೆಗೆ ನಿಮ್ಮ ಮಂಚ ಯಾವುದೋ ಶೆಡ್ಡಿನಲ್ಲಿ ಕಾಯುತ್ತೆ. ನಿಮ್ಮ ಮನೆಗೆ ಬಂದಿದ್ದು ಸಣ್ಣ ಗಾಡಿ, ಅಲ್ಲಿಂದ ಇಳಿಸಿ ದೊಡ್ಡದಕ್ಕೆ. ಒಂದೊಂದು ಇಳಿಸಿ-ಏರಿಸೋದಕ್ಕೂ ಒಂದೊಂದು ಪೆಟ್ಟು. ಪಾರ್ಟ್ ಲೋಡ್ ಕೆಟ್ಟದ್ದಲ್ಲ, ಹೇಳಿ ಮಾಡಿದರೆ. ಹೇಳೋದೇ ಇಲ್ಲ.

ಇನ್ನೊಂದು. ನಿಮ್ಮ ಹತ್ತಿರ ಬುಕ್ ಮಾಡಿದವನ ಬಳಿ ಲಾರಿನೇ ಇರಲ್ಲ. ಅವನ ಹತ್ತಿರ ಇರೋದು ಫೋನು ಮಾತ್ರ. ಅವನು ಇನ್ನೊಬ್ಬ ಏಜೆಂಟನಿಗೆ ಕೊಡ್ತಾನೆ, ಆ ಏಜೆಂಟ ವಾಪಸ್ ಲೋಡ್ ಹುಡುಕುತ್ತಿರುವ ಡ್ರೈವರನಿಗೆ. ನಾನೇ ಮೆಣಸಿನಕಾಯಿ ಹೇರಿಕೊಂಡು ದಿಲ್ಲಿಗೆ ಹೋದರೆ ಖಾಲಿ ಬರೋಕಾಗುತ್ತಾ? ಸಿಕ್ಕಿದ್ದು ಹಾಕಿಕೊಂಡು ಬರ್ತೀನಿ. ನಡುವಿನವರು ತಮ್ಮ ಪಾಲು ಹಿಡಿದು ಡ್ರೈವರನಿಗೆ ಏನೋ ಒಂದಿಷ್ಟು ಕೊಟ್ಟು, "ಉಳಿದಿದ್ದು ಪಾರ್ಟಿ ಹತ್ತಿರ ತಗೋ" ಅಂತಾರೆ. ನಿಮಗೆ ಗಬ್ಬೂರಿನಲ್ಲಿ ಫೋನ್ ಮಾಡಿದವನಿಗೆ ನಿಮ್ಮ 20 ಸಾವಿರದಲ್ಲಿ ಎಷ್ಟು ಮುಟ್ಟಿತ್ತೋ ದೇವರಿಗೇ ಗೊತ್ತು. ಹಾಗಂತ ಅವನು ಮಾಡಿದ್ದು ಸರಿ ಅಂತಲ್ಲ.

ಹಾಂ, ಇ-ವೇ ಬಿಲ್ ಅಂದನಲ್ಲ, ಶುದ್ಧ ಸುಳ್ಳು. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ಲೇ ಬೇಕಿಲ್ಲ, ನಿಯಮದಲ್ಲೇ ವಿನಾಯಿತಿ ಇದೆ. ಮೇಲಾಗಿ ಇ-ವೇ ಬಿಲ್ ಅನ್ನೋದು ತೆರಿಗೆ ಅಲ್ಲ, ಸರಕು ಸಾಗಿಸುವಾಗ ಜಿಎಸ್‌ಟಿಯವರಿಗೆ ತೋರಿಸುವ ಬರೀ ಕಾಗದ.

ಬೇಜಾರು ಏನಂದ್ರೆ, ಲಾರಿ ವ್ಯವಹಾರಕ್ಕೆ ಹೆಸರಾದ ಸೀಮೆ ನಮ್ಮದು. ವಿಆರ್‌ಎಲ್ ಕಂಪನಿಯ ವಿಜಯ ಸಂಕೇಶ್ವರ ಅವರು 1976ರಲ್ಲಿ ಒಂದೇ ಲಾರಿ ಇಟ್ಟುಕೊಂಡು ಶುರು ಮಾಡಿದ್ದು ಇದೇ ಗದಗದಲ್ಲಿ. ಇಂಥ ಊರಿನ ಮಂದಿ ಫೋನಿನಲ್ಲಿ ದನಿ ಕೇಳಿ ದುಡ್ಡು ಹಾಕ್ತೀರಲ್ರೀ!

ಮುಳಗುಂದ ನಾಕಾ:

ನನಗೂ ಗದಗಿನಿಂದ ದಿಲ್ಲಿ ಕಡೆ ವರ್ಗ ಆಗಿತ್ತು. ಮಂಚ, ಕಪಾಟು ಇಲ್ಲೇ ಮಾರಿಬಿಟ್ಟೆ. ಬೈಕು, ನಾಲ್ಕು ಗಂಟು ಮಾತ್ರ ಹುಬ್ಬಳ್ಳಿ ಸ್ಟೇಷನ್ನಿನ ಪಾರ್ಸಲ್ ಆಫೀಸಿನಲ್ಲಿ ಹಾಕಿದೆ. ಪೆಟ್ರೋಲ್ ಪೂರ್ತಿ ತೆಗೆಸಬೇಕು, ಆರ್‌ಸಿ ಜೆರಾಕ್ಸ್ ಬೇಕು, ಗೋಣಿಚೀಲ ಸುತ್ತಿಸಬೇಕು. ಒಂದು ಕನ್ನಡಿ ಒಡೆದಿತ್ತು, ಅಷ್ಟೇ. ಆ ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮಿನಲ್ಲಿ ಬೈಕ್ ತಳ್ಳಿಕೊಂಡು ಹೋಗೋದೇ ದೊಡ್ಡ ಕೆಲಸ, ಅದು ಬೇರೆ ಮಾತು.

ಮಾಜಿ ಗುಮಾಸ್ತ:

ತಂಗಿ, ನಾನು ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವ. ವಕೀಲ ಅಲ್ಲ. ಆದರೆ ಇಂಥ ಕಾಗದ ಬೇಕಾದಷ್ಟು ನೋಡಿದ್ದೇನೆ. ಮೊದಲು ನಿಮ್ಮ ಬಿಲ್ಟಿ, ಅಂದರೆ ಸಾಗಣೆ ರಸೀದಿ, ತೆಗೆದು ನೋಡಿ. ಎಲ್‌ಆರ್ ಅಂತಾರಲ್ಲ, ಲೋಡ್ ದಿನ ಕೊಟ್ಟ ಪಿಂಕ್ ಅಥವಾ ಹಳದಿ ಚೀಟಿ. ಅದರಲ್ಲಿ ಸಾಮಾನಿನ ಮೌಲ್ಯ ಎಷ್ಟು ಬರೆದಿದ್ದಾರೆ?

ಕೆಲಗೇರಿ ದಂಡೆ:

ಈಗ ನೋಡಿದೆ ಕಾಕಾ. "ಹಳೆ ಮನೆ ಸಾಮಾನು, ಮೌಲ್ಯ 20,000" ಅಂತ ಇದೆ. ಹಿಂದಿಯಲ್ಲಿ ಗೀಚಿದ್ದಾರೆ. ಕೆಳಗೆ ನನ್ನದೇ ಸಹಿ. ಇನ್ಶೂರೆನ್ಸ್ ದುಡ್ಡು ಮಾತ್ರ 3 ಲಕ್ಷದ ಮೇಲೆ ತಗೊಂಡಿದ್ದಾರೆ! ಗಾಡಿ ನಂಬರ್ ಜಾಗ ಖಾಲಿ.

ಮಾಜಿ ಗುಮಾಸ್ತ:

ನಾನು ಹೆದರಿದ್ದು ಇದಕ್ಕೇ.

2007ರ ರಸ್ತೆ ಸಾಗಣೆ ಕಾಯ್ದೆ ಅಂತ ಒಂದಿದೆ. ಅದಕ್ಕೂ ಮುಂಚೆ ಇದ್ದದ್ದು 1865ರ ಬ್ರಿಟಿಷರ ಕಾಲದ್ದು. ಹೊಸದು ಜಾರಿಗೆ ಬಂದದ್ದು 2011ರಲ್ಲಿ. ಅದರ ಪ್ರಕಾರ ಸಾಮಾನು ಹಾಳಾದರೆ, ಕಳೆದರೆ ಸಾಗಣೆದಾರ ಕೊಡಬೇಕಾದ ಪರಿಹಾರಕ್ಕೆ ಮಿತಿ ಇದೆ, ಬಾಡಿಗೆಯ ಹತ್ತು ಪಟ್ಟು. ನಿಮ್ಮ ಲೆಕ್ಕದಲ್ಲಿ 38 ಸಾವಿರಕ್ಕೆ 3 ಲಕ್ಷ 80 ಸಾವಿರ. ಸಾಕಾಗುತ್ತಿತ್ತು. ಆದರೆ ಕಾಗದದಲ್ಲಿ ಬರೆದ ಮೌಲ್ಯವನ್ನು ದಾಟುವ ಹಾಗಿಲ್ಲ. ಅದಕ್ಕೇ ಅವರು ಸುಮ್ನೆ 20,000 ಅಂತ ಗೀಚಿಟ್ಟುಕೊಳ್ಳೋದು. ಸಹಿ ಮಾಡುವಾಗ ಯಾರೂ ನೋಡಲ್ಲ. ಗಡಿಬಿಡಿ, ಮಗು ಅಳುತ್ತಿರುತ್ತೆ, ಮನೆ ಮಾಲೀಕ ಕೀಲಿ ಕೇಳುತ್ತಿರುತ್ತಾನೆ.

ಆದರೂ ನಿಮ್ಮ ಕೈಯಲ್ಲಿ ಒಂದು ಆಯುಧ ಇದೆ. 3 ಲಕ್ಷದ ಮೇಲೆ 9 ಸಾವಿರ ತಗೊಂಡದ್ದಕ್ಕೆ ವಾಟ್ಸಾಪ್ ಮೆಸೇಜು, ಯುಪಿಐ ದಾಖಲೆ ಇದ್ದೇ ಇರುತ್ತೆ. ಸಾಮಾನಿನ ಬೆಲೆ 3 ಲಕ್ಷ ಅಂತ ಅವರೇ ಒಪ್ಪಿಕೊಂಡ ಹಾಗಾಯಿತು. ಜೊತೆಗೆ, ಇನ್ಶೂರೆನ್ಸ್ ಕಂಪನಿಯ ಪಾಲಿಸಿ ನಂಬರ್ ಕೊಡಿ ಅಂತ ಕೇಳಿ. ಕೊಡಲಾರರು. ಎಷ್ಟೋ ಸಲ ಅದು ಇನ್ಶೂರೆನ್ಸೇ ಅಲ್ಲ, ಅವರ ಜೇಬಿಗೆ ಹೋಗುವ ದುಡ್ಡು. ನಿಜವಾದ ವಿಮೆಯಾದರೆ ವಿಮಾ ಕಂಪನಿಯ ಹೆಸರಿರುವ ಸರ್ಟಿಫಿಕೇಟು ನಿಮ್ಮ ಹೆಸರಿಗೆ ಬರಬೇಕು.

ಈಗ ಮಾಡಬೇಕಾದ್ದು. ಬರಹದಲ್ಲಿ ನೋಟಿಸ್ ಕೊಡಿ, ಸ್ಪೀಡ್ ಪೋಸ್ಟಿನಲ್ಲಿ. ಇದಕ್ಕೆ 180 ದಿನದ ಗಡುವು. ಸಾಮಾನು ಮುಟ್ಟಿದ ದಿನದಿಂದ ಅಲ್ಲ, ಬುಕ್ ಮಾಡಿದ ದಿನದಿಂದ. ಇದೊಂದರಲ್ಲಿ ಬಹಳ ಮಂದಿ ಎಡವುತ್ತಾರೆ. ಅವರ ಅಲಕ್ಷ್ಯದಿಂದಲೇ ಒಡೆಯಿತು ಅಂತ ನೀವು ಸಾಬೀತು ಮಾಡಬೇಕಿಲ್ಲ, ಕಾಯ್ದೆಯೇ ಹಾಗೆ ಹೇಳುತ್ತೆ. ಆಮೇಲೆ ಗ್ರಾಹಕರ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ಇರುವ ಊರಿನಲ್ಲೇ ದೂರು ಕೊಡಬಹುದು, ದಿಲ್ಲಿಗೆ ಓಡಬೇಕಿಲ್ಲ. ಧಾರವಾಡದಲ್ಲೇ ಜಿಲ್ಲಾ ಆಯೋಗ ಇದೆ. ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಫೀ ಇಲ್ಲ. ವಕೀಲರು ಕಡ್ಡಾಯ ಅಲ್ಲ. ಎರಡು ವರ್ಷದ ಅವಧಿ ಇದೆ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ದೂರು ಬರೆಸಿ, ಖರ್ಚಿಲ್ಲ.

ಪೊಲೀಸ್ ವಿಷಯ. ಒಪ್ಪಿಸಿಕೊಂಡ ಸಾಮಾನನ್ನು ಸಾಗಣೆದಾರನೇ ನುಂಗಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿಗೆ ಬರುತ್ತೆ, 7 ವರ್ಷದವರೆಗೆ ಶಿಕ್ಷೆ. "ಇದು ಸಿವಿಲ್ ಮ್ಯಾಟರ್" ಅಂತ ಠಾಣೆಯಲ್ಲಿ ಕೈ ತೊಳೆದುಕೊಳ್ಳಲು ನೋಡಿದರೆ ಕಲಮಿನ ನಂಬರ್ ಹೇಳಿ.

ಹಾವೇರಿ ಏಲಕ್ಕಿ:

ಅವರ ಜಿಎಸ್‌ಟಿ ನಂಬರ್ ನೋಡಿದ್ರಾ? ಮೊದಲ ಎರಡು ಅಂಕಿ ರಾಜ್ಯದ್ದು. ಕರ್ನಾಟಕ 29, ಮಹಾರಾಷ್ಟ್ರ 27, ದಿಲ್ಲಿ 07. ಜಿಎಸ್‌ಟಿ ವೆಬ್‌ಸೈಟಿನಲ್ಲಿ ಹಾಕಿದರೆ ಯಾರ ಹೆಸರಿಗಿದೆ, ಚಾಲ್ತಿಯಲ್ಲಿದೆಯೋ ಇಲ್ಲವೋ ಗೊತ್ತಾಗುತ್ತೆ. ನಮಗೆ ಕೊಟ್ಟ ನಂಬರ್ ಹಾಕಿ ನೋಡಿದಾಗ ಯಾವುದೋ ಮೊಬೈಲ್ ಅಂಗಡಿ ಬಂತು. ಅದನ್ನೇ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ. ಮರುದಿನ ಅಡ್ವಾನ್ಸ್ ವಾಪಸ್ ಬಂತು. ಅದೃಷ್ಟ ಅಷ್ಟೇ.

ಕೆಲಗೇರಿ ದಂಡೆ:

07ರಿಂದ ಶುರು ಆಗುತ್ತೆ, ರದ್ದಾಗಿದೆ ಅಂತ ತೋರಿಸ್ತಿದೆ. ಹುಬ್ಬಳ್ಳಿ ಶಾಖೆಯಂತೆ!

ಸಪ್ತಾಪುರ ಭಾವಿ:

ಒಂದು ಪ್ರಶ್ನೆ ಮೇಡಂ. ಬಾಕ್ಸ್ ಎಷ್ಟು ಬಂದವು ಅಂತ ಎಣಿಸಿದ್ದೀರಾ? ಪಾರ್ಟ್ ಲೋಡ್ ಅಂದರೆ ಅದಲು ಬದಲು ಆಗೋದು ಬಹಳ. ನಮ್ಮ ಭಾವನ ಮನೆಗೆ ಯಾರದೋ ದೇವರ ಮಂಟಪ ಬಂದಿತ್ತು. ಮೂರು ತಿಂಗಳು ಪೂಜೆ ಮಾಡಿದರು.

ಕೆಲಗೇರಿ ದಂಡೆ:

ಎಣಿಸಿದೆ. 32 ಇವೆ! ಕೌದಿ ಬಾಕ್ಸ್ ಇಲ್ಲದೆ 31 ಇರಬೇಕಿತ್ತು ಅಲ್ವಾ? ಅರ್ಧ ಬಾಕ್ಸ್ ಇನ್ನೂ ಬಿಚ್ಚಿಲ್ಲ, ಪಡಸಾಲೆಯಲ್ಲಿ ಗೋಡೆ ಥರ ನಿಂತಿವೆ. ತಾಳಿ, ಬಿಚ್ಚಿ ನೋಡ್ತೀನಿ.

ಉಣಕಲ್ ಸಂಜೆ:

ಮೇಡಂ, ಏನಾಯಿತು?

ಉಣಕಲ್ ಸಂಜೆ:

ಎರಡು ದಿನ ಆಯ್ತು. ನನ್ನ ಹೆಂಡತಿಯೂ ಕೇಳ್ತಿದ್ದಾಳೆ.

ಕೆಲಗೇರಿ ದಂಡೆ:

ಕ್ಷಮಿಸಿ, ಓಡಾಟದಲ್ಲಿದ್ದೆ.

ಒಂದು ಬಾಕ್ಸಿನ ಮೇಲೆ ನಮ್ಮ ನಂಬರಿನ ಬದಲು ಮಾರ್ಕರಿನಲ್ಲಿ "ಕೋಲ್ಹಾ 6" ಅಂತ ಇತ್ತು. ಟೇಪು ಅದೇ, ರಟ್ಟು ಅದೇ. ಒಳಗೆ ಮಗುವಿನ ಶಾಲೆ ಬ್ಯಾಗು, ಮರಾಠಿ ಪುಸ್ತಕ, ಒಂದು ಹೋಳಿಗೆ ಹೂರಣದ ಜರಡಿ, ಮತ್ತೆ ಒಂದು ಕರೆಂಟ್ ಬಿಲ್ಲು. ಬಿಲ್ಲಿನಲ್ಲಿ ಗುರುಗ್ರಾಮದ ವಿಳಾಸ. ಅಲ್ಲಿನ ಗೆಳತಿಯನ್ನು ಆ ಬಿಲ್ಡಿಂಗಿಗೆ ಕಳಿಸಿದೆ. ವಾಚ್‌ಮನ್ ಹತ್ತಿರ ಹಳೆ ಬಾಡಿಗೆದಾರರ ಫೋನ್ ನಂಬರ್ ಇತ್ತು.

ಫೋನ್ ಎತ್ತಿದವರು ಕೊಲ್ಹಾಪುರದ ಒಬ್ಬ ಹೆಂಗಸು. ನಾನು ಅರ್ಧ ಹಿಂದಿಯಲ್ಲಿ, ಅವರು ಅರ್ಧ ಮರಾಠಿಯಲ್ಲಿ. "ನಿಮ್ಮ ಜರಡಿ ನನ್ನ ಹತ್ತಿರ ಇದೆ" ಅಂದೆ. ಆ ಕಡೆ ಒಂದು ಕ್ಷಣ ಮಾತಿಲ್ಲ. ಆಮೇಲೆ, "ಹಾಗಾದರೆ ಆ ಗೋಧಡಿ ನಿಮ್ಮದಾ?" ಅಂದರು. ಅವರ ಕಡೆ ಕೌದಿಗೆ ಗೋಧಡಿ ಅಂತಾರೆ.

ಅವರ ಕಥೆಯೂ ಇದೇ. ಹೈವೇ ಪಕ್ಕ ಗಾಡಿ ನಿಲ್ಲಿಸಿ 15 ಸಾವಿರ ಜಾಸ್ತಿ ಕಿತ್ತುಕೊಂಡಿದ್ದಾರೆ. ಅವರದು ನಮಗಿಂತ ಮುಂಚೆ ಇಳಿಯಿತು, ಹಮಾಲರು ಕತ್ತಲಲ್ಲಿ ನಮ್ಮ ಬಾಕ್ಸ್ ಇಳಿಸಿ ಅವರದನ್ನು ಒಳಗೇ ಬಿಟ್ಟರು. ಮುಖ್ಯವಾದ ವಿಷಯ, ಅವರ ಬಿಲ್ಟಿಯಲ್ಲಿ ಗಾಡಿ ನಂಬರ್ ಇದೆ! ಡ್ರೈವರ್ ಜೊತೆ ಜಗಳಾಡಿ ಬರೆಸಿಕೊಂಡಿದ್ದರಂತೆ.

ಬ್ಯಾಡಗಿ ಲೋಡ್:

ಶಾಭಾಸ್. ಆ ನಂಬರನ್ನು ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ ಗಾಡಿ ಯಾವ ಆರ್‌ಟಿಒದ್ದು ನೋಡಿ. ನಂಬರ್ ಪೂರ್ತಿ ಇಲ್ಲಿ ಹಾಕಬೇಡಿ. ಮಾಲೀಕನಿಗೆ ಫೋನ್ ಹೋದರೆ ಅವನೇ ಏಜೆಂಟನ ಹೆಸರು ಬಾಯಿ ಬಿಡ್ತಾನೆ. ಲಾರಿ ಮಾಲೀಕನಿಗೆ ಗಾಡಿ ಠಾಣೆ ಮುಂದೆ ನಿಲ್ಲೋದಕ್ಕಿಂತ ದೊಡ್ಡ ಭಯ ಇಲ್ಲ. ನನ್ನ ಮಾತಲ್ಲ, ಅನುಭವ.

ಮಾಜಿ ಗುಮಾಸ್ತ:

ಕೊಲ್ಹಾಪುರದವರ ಬಿಲ್ಟಿಯ ಪ್ರತಿ, ಅವರ ಕೈಯಿಂದ ಒಂದು ಬರಹ ತಗೊಳ್ಳಿ. ಒಂದೇ ಗಾಡಿ, ಒಂದೇ ಕಂಪನಿ, ಎರಡು ಮನೆಯಲ್ಲಿ ಒಂದೇ ಆಟ. ಆಯೋಗದ ಮುಂದೆ ಇದಕ್ಕೆ ತೂಕ ಇದೆ. ಒಡೆದ ತಂಬೂರಿಯ ಫೋಟೋ ರಿಪೇರಿಗೆ ಮುಂಚೆಯೇ ತೆಗೆದಿಡಿ.

ಕೆಲಗೇರಿ ದಂಡೆ:

ಇದು ಹೋದ ವಾರದ್ದು.

ಭಾನುವಾರ ಬೆಳಗಾವಿ ಬಸ್ ಸ್ಟ್ಯಾಂಡಿನಲ್ಲಿ ಸೇರೋದು ಅಂತ ಮಾತಾಯಿತು. ಇಬ್ಬರಿಗೂ ನಡುದಾರಿ. ಅಪ್ಪನೂ ಬರ್ತೀನಿ ಅಂದರು, ತಿಂಗಳಲ್ಲಿ ಮೊದಲ ಸಲ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡರು. ನಾವು ಪೇಢೆ ಒಯ್ದಿದ್ದೆವು, ಅವರು ಭಡಂಗ್, ಅಂದರೆ ಖಾರದ ಚುರುಮುರಿ, ತಂದಿದ್ದರು. ಜರಡಿ ಅವರಿಗೆ, ಬಾಕ್ಸ್ ನಮಗೆ.

ಆಕೆ ಸ್ವಲ್ಪ ಸಂಕೋಚದಿಂದ ಒಂದು ಮಾತು ಹೇಳಿದರು. ಬಾಕ್ಸ್ ಯಾರದು ಅಂತ ಗೊತ್ತಿಲ್ಲದೆ ಬಿಚ್ಚಿದಾಗ ಅವರ ಅತ್ತೆ ಕೌದಿಯನ್ನು ಎತ್ತಿಕೊಂಡು ಹೋಗಿ ಹೊದ್ದು ಮಲಗಿಬಿಟ್ಟರಂತೆ. ಹತ್ತು ದಿನ ಬಿಟ್ಟು ಕೊಡಲಿಲ್ಲವಂತೆ. "ಕೈ ಹೊಲಿಗೆ ನೋಡು, ಯಾರೋ ದೊಡ್ಡ ಮನಸ್ಸಿನವಳು" ಅಂತ ದಾರ ಸವರುತ್ತಿದ್ದರಂತೆ. ಕೊಡುವ ಮುಂಚೆ ಒಂದು ಮೂಲೆ ಬಿಚ್ಚಿದ್ದನ್ನು ಅವರೇ ಹೊಲಿದು ಕೊಟ್ಟಿದ್ದಾರೆ. ಅವ್ವನ ಹೊಲಿಗೆ ನೀಲಿ ದಾರದ್ದು, ಇವರದು ಕೆಂಪು. ಅಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮೂಲೆಯನ್ನೇ ನೋಡುತ್ತಾ ಬಂದರು.

ನೋಟಿಸ್ ಎರಡೂ ವಿಳಾಸಕ್ಕೆ ಕಳಿಸಿದ್ದೆ. ದಿಲ್ಲಿಯದು "ವಿಳಾಸದಾರರು ಇಲ್ಲ" ಅಂತ ವಾಪಸ್ ಬಂತು. ಗೋಕುಲ ರೋಡಿನದನ್ನು ಫಾಲು-ಪಿಕೋ ಅಕ್ಕ ಸಹಿ ಮಾಡದೆ ಫೋನ್ ಮಾಡಿ ಹೇಳಿದರು. ಲಾರಿ ಮಾಲೀಕ ಸಿಕ್ಕಿದ್ದಾನೆ, ಏಜೆಂಟನ ಹೆಸರು, ಖಾತೆ ನಂಬರ್ ಕೊಟ್ಟಿದ್ದಾನೆ. ಧಾರವಾಡದ ಆಯೋಗದಲ್ಲಿ ನಾನೂ, ಅವರ ಊರಿನಲ್ಲಿ ಕೊಲ್ಹಾಪುರದವರೂ ದೂರು ಹಾಕುತ್ತಿದ್ದೇವೆ. ಕಾಕಾ, ಅರ್ಜಿ ಬರೆದ ಮೇಲೆ ನಿಮಗೆ ಒಮ್ಮೆ ತೋರಿಸಲೇ?

ಮಾಜಿ ಗುಮಾಸ್ತ:

ತಪ್ಪದೆ ತೋರಿಸಿ ತಂಗಿ. ತಾರೀಖುಗಳನ್ನು ಕ್ರಮವಾಗಿ ಬರೆಯಿರಿ, ಬೈಗುಳ ತೆಗೆಯಿರಿ.

ಸಪ್ತಾಪುರ ಭಾವಿ:

ತಂಬೂರಿ ಏನು ಮಾಡಿದಿರಿ?

ಕೆಲಗೇರಿ ದಂಡೆ:

ಮಿರಜಿಗೆ ಒಯ್ದೆ. ಹೊಸ ಬುರುಡೆ ಕೂಡಿಸಿ ಕೊಡ್ತೀವಿ, ಒಣಗೋಕೆ ಟೈಮ್ ಬೇಕು ಅಂದಿದ್ದಾರೆ. ಈ ಸಲ ಯಾರ ಕೈಗೂ ಕೊಡಲಿಲ್ಲ. ರೈಲಿನಲ್ಲಿ ಕಿಟಕಿ ಪಕ್ಕ ತೊಡೆ ಮೇಲೆ ಇಟ್ಟುಕೊಂಡು ಕೂತಿದ್ದೆ. ಟಿಸಿ ಬಂದು, "ಇದಕ್ಕೂ ಟಿಕೆಟ್ ತಗೊಂಡೀರೇನ್ರಿ?" ಅಂದ.